ಪೈಪಿನ ಮೇಲೆ ಇನ್ನೊಂದು ಗೆರೆ

ಮನೆಯಿಂದ,
ಗುರುವಾರ, ಬೆಳಗಿನ ಕೆಲಸ ಮುಗಿದ ಮೇಲೆ

ಪ್ರೀತಿಯ ಮಗಳೇ,

ಸೊಸೆ ಅಂತ ಬರೆಯಲು ಹೋಗಿ ಹೊಡೆದು ಹಾಕಿದ್ದೇನೆ, ಮೇಲಿನ ಗೀಚು ಅದೇ. ಹೇಗಿದ್ದೀಯ? ತಲೆನೋವು ಪೂರ್ತಿ ಬಿಟ್ಟಿತಾ, ಇಲ್ಲ ಈಗಲೂ ಎದ್ದ ಕೂಡಲೇ ಹಣೆ ಹಿಡಿದುಕೊಂಡು ಕೂರುತ್ತೀಯಾ? ನಿನ್ನ ಅಕ್ಕನ ಕೈಯ ಕಟ್ಟು ಬಿಚ್ಚಿದರಾ? ಬಿಚ್ಚಿದ ಮೇಲೂ ಅವಳಿಗೆ ಬಟ್ಟೆ ಹಿಂಡಲು ಬಿಡಬೇಡ. ಮುರಿದ ಮೂಳೆಯೂ ಹೊಸ ವೆಲ್ಡಿಂಗೂ ಒಂದೇ, ಆರುವವರೆಗೆ ಮುಟ್ಟಬಾರದು. ನೀನು ಅವಳ ಆರೈಕೆಗೆ ಹೋಗಿದ್ದೀಯ ಅಂತಲೇ ಬೀದಿಯವರಿಗೆಲ್ಲ ಹೇಳಿದ್ದೇನೆ. ಎಲ್ಲರೂ ತಲೆ ಆಡಿಸಿದರು, ಹಾಲಿನವಳೊಬ್ಬಳು ನಂಬಲಿಲ್ಲ. "ಅಕ್ಕನ ಆರೈಕೆಗೆ ಹೋಗೋರು ಲಾರಿ ಕೀಲೀನ ಊಟದ ಮೇಜಿನ ಮೇಲೆ ಎಸೆದು ಹೋಗ್ತಾರಾ ಅಮ್ಮಾ?" ಅಂದಳು. ನಮ್ಮ ಕಿಟಕಿ ಬೀದಿಗೆ ಅಷ್ಟು ಹತ್ತಿರ, ಏನು ಮಾಡಲಿ ಹೇಳು.

ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಎದುರಿನ ವೆಲ್ಡಿಂಗ್ ಶೆಡ್ಡಿನಲ್ಲಿ ನಮ್ಮ ಲಾರಿ ಮರದ ದಿಮ್ಮಿಗಳ ಮೇಲೆ ಹಿಂಭಾಗ ಎತ್ತಿಕೊಂಡು ನಿಂತಿದೆ, ನೀರಿಗೆ ಬಗ್ಗಿದ ಎಮ್ಮೆಯ ಹಾಗೆ. ಅದು ಅಲ್ಲಿ ನಿಂತಿರುವಷ್ಟು ಹೊತ್ತೂ ಕಿವಿಗೆ ಸಮಾಧಾನವಿಲ್ಲ. ನೀನೂ ನನ್ನ ಮಗನೂ ಸರದಿಯ ಮೇಲೆ ಓಡಿಸಿಕೊಂಡು ದಾರಿಯಲ್ಲಿದ್ದಾಗ ಲಾರಿ ಬಂತಾ ಅಂತ ಕಿವಿ ಕೊಟ್ಟು ಕೂರುತ್ತಿದ್ದೆ. ಈಗ ಬರುವುದಿಲ್ಲ ಅಂತ ಗೊತ್ತಿದ್ದೂ ಅದೇ ಚಾಳಿ. ನಿನ್ನ ಗಂಡನ ಪಾಡು ಕೇಳಬೇಡ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಸುತ್ತುತ್ತಾನೆ. ನಿನ್ನೆ ಅಂಗಳ ಗುಡಿಸಿದ. ಗುಡಿಸಿದ ಮೇಲೆ ಮತ್ತೆ ಗುಡಿಸಿದ. ಕಸಪೊರಕೆಯ ಯಾವ ತುದಿ ಕೆಳಗೆ ಅನ್ನುವುದು ಅವನಿಗೆ ಗೊತ್ತು ಅಂತ ನನಗೆ ಮೊದಲ ಸಲ ತಿಳಿಯಿತು. ಮರದ ಡಿಪೋದ ಮೇಸ್ತ್ರಿ ಬೇರೆ ಲಾರಿ ಹಿಡಿದಿದ್ದಾನಂತೆ. ನಮ್ಮದು ಬೇಗ ರಸ್ತೆಗೆ ಇಳಿಯದಿದ್ದರೆ ಆ ಕೆಲಸ ಅವರಿಗೇ ಹೋಗುತ್ತದೆ. ಆದರೆ ನಾನು ಬಾಗಿಲಿಗೂ ಒಳಗೂ ಓಡಾಡುತ್ತಿರುವುದು ಆ ಕೆಲಸಕ್ಕಲ್ಲ. ನೀನು ಮತ್ತೆ ಆ ಲಾರಿ ಹತ್ತುತ್ತೀಯೋ ಇಲ್ಲವೋ, ನನಗೆ ಬೇಕಾದದ್ದು ಅಷ್ಟೇ.

ನಿಮ್ಮ ಜಗಳ ಆದ ದಿನ ನಾನು ಅಡುಗೆಮನೆಯಲ್ಲಿದ್ದೆ. ನೀವಿಬ್ಬರೂ ಗೋಡೆ ನೋಡಿಕೊಂಡು ಮಾತಾಡುತ್ತಿದ್ದಿರಿ, ಹಾಗಾಗಿ ಅರ್ಧ ಕೇಳಿಸಿತು, ಅರ್ಧ ನಾನೇ ಕಟ್ಟಿಕೊಂಡೆ. ತಪ್ಪಿದ್ದರೆ ತಿದ್ದು. ಡಿಪೋದಲ್ಲಿ ಹೊಸದಾಗಿ ಕಟ್ಟಿದ ಸರಕು ಇಳಿಸುವ ಕಟ್ಟೆಗೆ ಲಾರಿ ಹಿಂದಕ್ಕೆ ತಗೊಂಡಾಗಲೆಲ್ಲ ಹೊಗೆ ಪೈಪಿನ ತುದಿ ಬಡಿಯುತ್ತದೆ. ಬಡಿದು ಬಡಿದು ಅದು ಸೊಟ್ಟಗಾಗಿ, ಸೈಲೆನ್ಸರಿನ ಬುಡದಲ್ಲೇ ಬಿರುಕು ಬಿಟ್ಟಿತು. ಆ ಬಿರುಕಿನಿಂದಲೇ ನಿನ್ನ ತಲೆನೋವು ಶುರುವಾದದ್ದು. ಅವನು ಓಡಿಸುವಾಗ ನೀನು ಸೀಟಿನ ಹಿಂದಿನ ಹಲಗೆ ಹಾಸಿಗೆಯಲ್ಲಿ ಮಲಗುವವಳು, ಹೊಗೆ ನೇರ ನಿನ್ನ ದಿಂಬಿನ ಕೆಳಗಿಂದ ಏಳುತ್ತಿತ್ತು. ಬಿರುಕಿಗೆ ತೇಪೆ ಹಾಕಿಸಿದಿರಿ, ಅಲ್ಲಿಗೆ ಸರಿಹೋಯಿತು. ಆಮೇಲೆ ಇವನಿಗೆ ಹೊಸ ಬುದ್ಧಿ ಬಂತು. ಸೈಲೆನ್ಸರ್ ದಾಟಿದ ಕೂಡಲೇ ಪೈಪು ಕೊಯ್ದುಬಿಟ್ಟರೆ ಬಡಿಯುವ ರಗಳೆಯೇ ಇಲ್ಲ ಅಂದ. ಅಲ್ಲಿ ಕೊಯ್ದರೆ ಹೊಗೆ ಮತ್ತೆ ನನ್ನ ಹಾಸಿಗೆಗೇ ಬರುತ್ತೆ, ಹಿಂಚಕ್ರ ದಾಟಿಸಿ ಕೊಯ್ಯಿ, ಬಾಯಿ ಪಕ್ಕಕ್ಕೆ ತಿರುಗಿಸು ಅಂದೆ ನೀನು. ಮಾತು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. "ನಿಂಗೆ ಎಲ್ಲದ್ರಲ್ಲೂ ಹೊಗೆ ವಾಸನೆ. ತಲೆನೋವು ಅಂತ ಅವತ್ತೂ ಸೋಗು ಹಾಕ್ದೆ" ಅಂದುಬಿಟ್ಟ. ಕೀಲಿ ಮೇಜಿನ ಮೇಲೆ ಬಿದ್ದ ಸದ್ದು ಆಮೇಲೆ ಕೇಳಿಸಿತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಮಲಗುವ ಜಾಗದ್ದೇ ಜಗಳ, ಅದು ಹೇಗೆ ಮುಗಿಯಬೇಕು?

ನೀನು ಹೋದ ಮಾರನೆಯ ದಿನವೇ ಲಾರಿ ಶೆಡ್ಡಿಗೆ ಒಯ್ದ. ಸೈಲೆನ್ಸರಿನ ಬೆನ್ನಿಗೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ಕೊಯ್ಯಿ ಅಂದ. ನಮ್ಮ ವೆಲ್ಡರನ ಕಟ್ಟಳೆ ನಿನಗೆ ಗೊತ್ತಲ್ಲ. ಹಿಂದೆ ಅಣ್ಣತಮ್ಮಂದಿರ ಒಂದು ಲಾರಿಗೆ ಅಣ್ಣ ಹೇಳಿದ ಅಂತ ಮೇಲೆ ಹತ್ತುವ ಏಣಿ ಕೊಯ್ದುಕೊಟ್ಟಿದ್ದನಂತೆ. ಸಂಜೆ ತಮ್ಮ ಬಂದು, ನನ್ನ ಏಣಿ ಎಲ್ಲಿ ಅಂತ ವೆಲ್ಡರನ ಕುತ್ತಿಗೆ ಪಟ್ಟಿ ಹಿಡಿದಿದ್ದ. ಅವತ್ತಿನಿಂದ ಇಬ್ಬರು ಓಡಿಸುವ ಗಾಡಿಯಾದರೆ ಇಬ್ಬರ ಕೈಯ ಗೆರೆಯೂ ಒಂದೇ ಕಡೆ ಬೀಳಬೇಕು. ಒಂದೇ ಗೆರೆ ಇದ್ದರೆ ಅವನು ಮಷೀನು ಮುಟ್ಟುವುದಿಲ್ಲ. "ಕೊಯ್ದಿದ್ದು ಕೂದಲಲ್ಲ ಕಣಪ್ಪಾ, ಮತ್ತೆ ಬೆಳೆಯೋಕೆ. ಅವಳ ಗೆರೆ ಎಲ್ಲಿ?" ಅಂತ ಇವನ ಗೆರೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿಬಿಟ್ಟ. ಇವನು ಇನ್ನೊಂದು ಎಳೆದ. ಅವನು ಅದನ್ನೂ ಒರೆಸಿದ. ಶೆಡ್ಡಿನ ಮುಂದೆ ಸರದಿಗೆ ನಿಂತ ಟ್ರಾಕ್ಟರಿನವನು, "ಮೊದಲು ಮನೆಗೆ ವೆಲ್ಡಿಂಗ್ ಮಾಡಿಸ್ಕೊಳ್ಳಯ್ಯಾ, ಆಮೇಲೆ ಲಾರಿಗೆ" ಅಂತ ಕೂಗಿದ. ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು, ಆದರೆ ಇವನ ಮುಖ ನೋಡಿ ನುಂಗಿಕೊಂಡೆ.

ಮೊನ್ನೆ ನಾನೇ ಶೆಡ್ಡಿಗೆ ಹೋದೆ. ಕನ್ನಡಕ ಹಾಕಿಕೊಂಡು, ಗೋಣಿಚೀಲ ಹಾಸಿ, ಲಾರಿಯ ಕೆಳಗೆ ತೂರಿದೆ. ನಗಬೇಡ. ತೂರಿದ್ದು ಸುಲಭ, ಹೊರಗೆ ಬರುವಾಗ ವೆಲ್ಡರ್ ಒಂದು ಕಾಲು, ನಿನ್ನ ಗಂಡ ಒಂದು ಕಾಲು ಹಿಡಿದು ಎಳೆಯಬೇಕಾಯಿತು. ನಿನ್ನ ಮಾವ ಇದ್ದಾಗ ಅವರು ಕೆಳಗೆ ಮಲಗಿ ನಟ್ಟು ಬಿಚ್ಚುವ ಪಾನಾ ಕೇಳುತ್ತಿದ್ದರು, ನಾನು ಮೇಲಿಂದ ಕೊಡುತ್ತಿದ್ದೆ. ನಾನು ಅಕ್ಷರ ಕಲಿತದ್ದೂ ಹಾಗೇ, ಪಾನಾ ಕೊಟ್ಟು ಸುಮ್ಮನೆ ನಿಂತಾಗ ಲಾರಿಗಳ ಹಿಂದಿನ ಬರಹ ಕೂಡಿಸಿ ಕೂಡಿಸಿ ಓದಿ. ನಾನು ಬರೆದ ಕಾಗದ ಎಲ್ಲಿ ನೋಡಿದರೂ ಅಂತರ ಕಾಯ್ದುಕೊಳ್ಳಿ ಅನ್ನುವ ಹಾಗಿರುತ್ತದೆ ಅಂತ ನೀನೇ ಆಡಿಕೊಂಡಿದ್ದೀಯಲ್ಲ. ಇರಲಿ. ಕೆಳಗೆ ಹೋಗಿ ನೋಡಿದರೆ ಸೈಲೆನ್ಸರಿನ ಹಿಂದಿನ ಪೈಪು ಬೋಲ್ಟಿನಲ್ಲಿ ಕೂತಿದೆ. ಕೊಯ್ಯುವುದು ಯಾಕೋ, ಆ ತುಂಡು ಬಿಚ್ಚಿಟ್ಟು ಓಡಿಸಿ ನೋಡು, ನೀನು ಕೊಯ್ಯಬೇಕು ಅನ್ನುವುದೂ ಅಲ್ಲೇ ತಾನೆ ಅಂತ ನಿನ್ನ ಗಂಡನಿಗೆ ಅಂದೆ. ಬಿಚ್ಚಿದ. ದಿಮ್ಮಿ ತೆಗೆಸಿ ಲಾರಿ ಇಳಿಸಿದರು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಹತ್ತಿ, ನಾನು ಅವಳ ಹಾಸಿಗೆಯಲ್ಲಿ ಮಲಗ್ತೀನಿ, ನೀನು ಡಿಪೋ ತನಕ ಓಡಿಸು ಅಂದೆ.

"ಬೇಡಮ್ಮಾ," ಅಂದ. "ಹೊಗೆ ಬಂದ್ರೆ ನಿಂಗಾಗಲ್ಲ."

ಎಲ್ಲಿಂದ ಬರುತ್ತಪ್ಪಾ ಹೊಗೆ, ಅದು ಅವಳ ಸೋಗು ತಾನೆ, ಅಂತ ಕೇಳಿದೆ. ಅಷ್ಟೇ ಕಣೇ ನಾನು ಕೇಳಿದ್ದು. ವೆಲ್ಡರ್ ಬೇಕಂತಲೇ ಬೆನ್ನು ತಿರುಗಿಸಿ ಏನನ್ನೋ ಹುಡುಕತೊಡಗಿದ. ಆಮೇಲೆ ಇವನು ನನ್ನ ಕೈಹಿಡಿದು ಕೆಳಗಿಳಿಸಿ, ಕೀಲಿಯನ್ನು ವೆಲ್ಡರನಿಗೆ ಕೊಟ್ಟು, ತಾನೇ ಹೋಗಿ ನಿನ್ನ ಹಾಸಿಗೆಯಲ್ಲಿ ಮಲಗಿದ. ಲಾರಿ ಡಿಪೋ ತನಕ ಹೋಗಿ ಬರುವವರೆಗೆ ನಾನು ಶೆಡ್ಡಿನ ಸ್ಟೂಲಿನ ಮೇಲೆ ಕೂತೆ, ಎದ್ದೆ, ಕೂತೆ. ಮಗನನ್ನು ಹೊಗೆಗೆ ಕಳಿಸಿದೆನಲ್ಲ ಅಂತ ಜೀವ ಹೊಡೆದುಕೊಂಡಿತು. ಕಿಟಕಿ ತೆಗೆದಿಡು ಅಂತ ಹೇಳಿದ್ದೆನೋ ಇಲ್ಲವೋ ಅನ್ನುವುದೇ ಮರೆತುಹೋಗಿತ್ತು. ಹಿಂತಿರುಗಿ ಬಂದಾಗ ವೆಲ್ಡರ್ ಕೆಮ್ಮುತ್ತಾ ಇಳಿದ. ಇವನು ಇಳಿದು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡ. ಥೇಟ್ ನೀನು ಕೂರುತ್ತಿದ್ದ ಹಾಗೆ. ಕೈಯಲ್ಲಿ ನಿನ್ನ ದಿಂಬಿನ ಚೀಲ ಇತ್ತು. ಅದನ್ನು ಮೂಸಿದ, ಮಡಿಚಿದ, ಮತ್ತೆ ಬಿಚ್ಚಿ ಮೂಸಿದ. ಮನೆಗೆ ಬಂದು ಅದನ್ನು ತಾನೇ ಒಗೆದು ಹಗ್ಗದ ಮೇಲೆ ಹಾಕಿದ. ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ. ಏನಾದರೂ ಅಂದಿದ್ದರೆ ಅವನು ಅಳುತ್ತಿದ್ದ, ಅವನು ಅತ್ತರೆ ನನ್ನ ಕೈಲಾಗುವುದಿಲ್ಲ.

ನಿನ್ನೆ ಬೆಳಗ್ಗೆ ತುಂಡನ್ನು ಮತ್ತೆ ಕೂರಿಸಿ, ನೀನು ಹೇಳಿದ ಕಡೆಯೇ, ಹಿಂಚಕ್ರ ದಾಟಿ ಒಂದು ಗೇಣು ಬಿಟ್ಟು, ಗೆರೆ ಎಳೆದ. ಅಲ್ಲಿ ಕೊಯ್ದು ಬಾಯಿ ಹೊರಕ್ಕೆ ತಿರುಗಿಸಿದರೆ ಟೈರಿಗೂ ಬಿಸಿ ತಾಗುವುದಿಲ್ಲ, ಕಟ್ಟೆಗೂ ಬಡಿಯುವುದಿಲ್ಲ. ವೆಲ್ಡರ್ ಈ ಸಲ ಗೆರೆ ಒರೆಸಲಿಲ್ಲ. ಪಕ್ಕದಲ್ಲಿ ಬೆರಳಿಟ್ಟು, "ಇನ್ನೊಂದು?" ಅಂದ. ಅವಳು ಹೇಳಿದ ಕಡೆಯೇ ಹಾಕಿದ್ದೀನಲ್ಲಾ ಅಂದರೂ ಕೇಳಲಿಲ್ಲ. ನನ್ನ ಕೈಯಿಂದ ಹಾಕಲಾ ಅಂದೆ. "ಅತ್ತೆ ಗೆರೆ ನಡೆಯಲ್ಲ ಅಮ್ಮಾ, ಅಡುಗೆಮನೆಯಲ್ಲೇ ನಡೆಯಲ್ವಂತೆ" ಅಂದ, ಕಳ್ಳ. ಲಾರಿ ಮತ್ತೆ ದಿಮ್ಮಿ ಹತ್ತಿ ಕೂತಿದೆ.

ನಾನು ಬಾ ಅಂತ ಬರೆಯುವುದಿಲ್ಲ. ಅವನ ತಾಯಿ ನಾನು, ನನ್ನ ಕರೆ ಅವನ ಪರವಾಗಿಯೇ ಕೇಳಿಸುತ್ತದೆ. ನಿನ್ನ ತಲೆಯೊಳಗಿನ ನೋವು ನಿನಗೆ ಮಾತ್ರ ಗೊತ್ತು. ಅಕ್ಕನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ತಿನ್ನು, ಕಿಟಕಿ ತೆರೆದು ಮಲಗು. ನೀನು ಎಲ್ಲಿ ಮಲಗಿದರೂ ನಿನ್ನ ಉಸಿರು ಹಗುರವಾಗಿರಲಿ.

ಇಂತಿ ನಿನ್ನ
ಅತ್ತೆ

ಮರೆತಿದ್ದೆ: ಈ ಕಾಗದ ಅಂಚೆ ಡಬ್ಬಕ್ಕೆ ಹಾಕಿ ಬಾ ಅಂತ ಅವನನ್ನು ಕರೆದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದಾನೆ. ಬೀದಿ ತುದಿಯ ಅಂಚೆ ಡಬ್ಬಕ್ಕೆ ಇಸ್ತ್ರಿ ಅಂಗಿ ಯಾಕೆ? ಕಾಗದ ಅವನೇ ತರುತ್ತಾನೆ, ಬಸ್ಸು ಹೊರಡುತ್ತದಂತೆ, ಅವಸರ ಮಾಡುತ್ತಿದ್ದಾನೆ. ನೀನು ಇದನ್ನು ಓದುವಾಗ ಎದುರಿಗೇ ನಿಂತಿರುತ್ತಾನೆ. ಅವನ ಜೇಬು ನೋಡು, ಬೆಳ್ಳಗಾಗಿದೆ, ಸೀಮೆಸುಣ್ಣ ಇಟ್ಟುಕೊಂಡಿದ್ದಾನೆ. ಕೊಟ್ಟ ಕೂಡಲೇ ತಗೋಬೇಡ. ನಿನ್ನ ತಲೆನೋವು ನಿಜ ಅಂತ ಅವನ ಬಾಯಿಂದಲೇ ಬರಲಿ. ಅಲ್ಲಿಯ ತನಕ ಬಾಗಿಲಲ್ಲೇ ನಿಲ್ಲಿಸು. ನೀರು ಮಾತ್ರ ಕೊಡು, ಬೆಳಗಿನಿಂದ ಏನೂ ಕುಡಿದಿಲ್ಲ.