ಲೇಬಲ್ ಇಲ್ಲದ ಬಾಟ್ಲಿ

ರೀ,

ಅತ್ತಿಯವರನ್ನ ಜೀಪಿನಾಗ ಸೋಲಾಪುರದ ದವಾಖಾನಿಗೆ ಒಯ್ಯಾಕತ್ತೀನಿ. ಎಸ್‌ಟಿಡಿ ಬೂತ್‌ನಿಂದ ಅಂಗಡಿಗೆ ಎರಡು ಸರ್ತಿ ಫೋನ್ ಮಾಡಿದೆ, ನೀವು ಸಿಗಲಿಲ್ಲ.

ಫ್ರಿಜ್‌ನಾಗ ಅವರ ಇನ್ಸುಲಿನ್ ಹಿಂದ ನೀವು ಮುಚ್ಚಿಟ್ಟಿದ್ದ ಬಾಟ್ಲಿ ಔಷಧ ನಾನು ಇನ್ಸುಲಿನ್ನೇ ಅಂತ ತಿಳದು ಅವರಿಗೆ ಚುಚ್ಚಿಬಿಟ್ಟೆ. ಲೇಬಲ್ ಥಂಡಿಗೆ ಬಿಚ್ಚೇದ ಅಂದ್ಕೊಂಡಿದ್ದೆ. ನೀವು ನಾಚಿ ಕಿತ್ತಿದ್ದು ಗೊತ್ತಿರಲಿಲ್ಲ. ವಾಂತಿ ನಿಂತಿಲ್ಲ, ಮಾರಿ ಕೆಂಪಾಗೇದ.

ಅದರ ಕಾಗದ ನಿಮ್ಮ ಅಂಗಿ ಕಿಸೇದಾಗ ಸಿಕ್ತು. ತೊನ್ನು ಮುಚ್ಚತದ, ಗಂಡಸುತನ ಬರ್ತದ ಅಂತ ಬರದಾರ.

ರೊಟ್ಟಿ ಬುಟ್ಟಿಯಾಗ ಅವ, ಉಂಡೇ ಬರ್ರಿ. ನೀವು ಎಷ್ಟು ಸರ್ತಿ ಚುಚ್ಕೊಂಡೀರಿ ಅನ್ನೂದನ್ನೂ ಡಾಕ್ಟರ ಮುಂದ ಖರೇ ಹೇಳ್ರಿ.

ಹದಿನಾಲ್ಕು ವರ್ಷ ನಿಮ್ಮ ಆ ತೊನ್ನಿನ ಕೈಯಾಗ ಕೈ ಇಟ್ಟು ಮಲಗೀನಿ. ನನಗ ಅದರ ಬ್ಯಾಸರ ಅದ ಏನು ಅಂತ ಒಂದು ದಿನಾನೂ ಕೇಳಲಿಲ್ಲ ನೀವು.

ಉಜ್ವಲಾ