ಒಪ್ಪುವುದಿಲ್ಲ ಎಂದವಳು

ಮಾರ್ಚ್ ೯, ಶನಿವಾರ ಸಂಜೆ

ಅಮ್ಮನಿಗೆ, ನಿನ್ನ ಮಗಳು ಮಾಡುವ ನಮಸ್ಕಾರ.

ಬುಧವಾರ ಫೋನಿನಲ್ಲಿ ನಾನು ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. "ಹೀಗೆ ಅತ್ರೆ ನಂಗೇನೂ ಕೇಳ್ಸಲ್ಲ ಕಣೆ, ಮೊದಲೇ ಈ ಕಿವಿ ಮಂದ. ಏನಿದ್ರೂ ಬರೆದು ಕಳ್ಸು" ಎಂದು ನೀನು ಗದರಿದಾಗ ನನಗೆ ನಗು ಬಂತು. ನೀನೂ ನಕ್ಕೆ. ಹತ್ತೊಂಬತ್ತು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಹೊತ್ತಿಗೆ ನಕ್ಕದ್ದು ಅದೇ ಮೊದಲಿರಬೇಕು. ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗಳನ್ನೆಲ್ಲ ಹೊಲಿದು ಮುಗಿಸಿ, ಕೈಗೆ ಬಿಡುವು ಸಿಕ್ಕಾಗ ಒಬ್ಬಳೇ ಕೂತು ಓದು.

ನಾನು ಕೋರ್ಟಿನಲ್ಲಿ ಟೈಪಿಸ್ಟ್ ಎಂದಷ್ಟೇ ನಿನಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಹಳೆಯ ಊರಿಗೇ ವರ್ಗವಾದದ್ದನ್ನು ನಿನಗೆ ತಿಳಿಸಿರಲಿಲ್ಲ. ಹೌದು ಅಮ್ಮ, ಅದೇ ಕೋರ್ಟು. ಗೋಡೆಗೆ ಬಣ್ಣ ಬದಲಾಗಿದೆ, ವರಾಂಡದ ಉದ್ದ ಬೆಂಚು ಮಾತ್ರ ಅದೇ.

ನಮ್ಮಲ್ಲಿ ಶನಿವಾರ ಚಿಲ್ಲರೆ ಕೇಸುಗಳ ದಿನ. ಕುಡಿದು ಬೀದಿಯಲ್ಲಿ ಕೂಗಾಡಿದವರು, ಮರದಡಿ ಇಸ್ಪೀಟಾಡಿ ಸಿಕ್ಕಿಬಿದ್ದವರು, ಮತ್ತೆ ಹೆಂಗಸರು. ಹೆಸರು ಕೂಗಿದಾಗ ಒಬ್ಬೊಬ್ಬರೇ ಕಟಕಟೆಗೆ ಬಂದು "ತಪ್ಪಾಯ್ತು" ಎನ್ನುತ್ತಾರೆ, ದಂಡ ಕಟ್ಟಿ ಹೋಗುತ್ತಾರೆ. ತಲೆಗೆ ಎರಡು ನಿಮಿಷ. ಕುಡುಕರ ಕಾಗದಗಳಲ್ಲಾದರೆ ಒಬ್ಬೊಬ್ಬನದು ಒಂದೊಂದು ಕಥೆ. ಒಬ್ಬ ಹಾಲಿನ ವ್ಯಾನಿನ ಮೇಲೆ ಹತ್ತಿ ಭಾಷಣ ಮಾಡಿರುತ್ತಾನೆ, ಇನ್ನೊಬ್ಬ ದೀಪದ ಕಂಬದ ಜೊತೆ ಜಗಳಕ್ಕೆ ನಿಂತಿರುತ್ತಾನೆ. ಹೆಂಗಸರ ಕಾಗದದಲ್ಲಿ ಮಾತ್ರ ಯಾವಾಗಲೂ ಒಂದೇ ವಾಕ್ಯ: "ಸಾರ್ವಜನಿಕ ಸ್ಥಳದಲ್ಲಿ ಬಹಳ ಹೊತ್ತು ನಿಂತು, ದಾರಿಹೋಕರಿಗೆ ಕಣ್ಸನ್ನೆ ಕೈಸನ್ನೆ ಮಾಡುತ್ತಾ, ಮರ್ಯಾದಸ್ಥರಿಗೆ ಮುಜುಗರವಾಗುವಂತೆ ವರ್ತಿಸುತ್ತಿದ್ದು..." ಅದು ನನ್ನ ಬೆರಳುಗಳಿಗೇ ಬಾಯಿಪಾಠ. ಸನ್ನೆ ಮಾಡಿದವಳ ಹೆಸರು, ವಯಸ್ಸು, ವಿಳಾಸ ಎಲ್ಲ ಇರುತ್ತದೆ. ಸನ್ನೆ ನೋಡಿ ಹತ್ತಿರ ಬಂದ ಒಬ್ಬನೇ ಒಬ್ಬ ಗಂಡಸಿನ ಹೆಸರನ್ನೂ ನಾನು ಈ ಎರಡು ವರ್ಷದಲ್ಲಿ ಟೈಪ್ ಮಾಡಿಲ್ಲ.

ನಾನು ಆ ಹೆಂಗಸರ ಮುಖ ನೋಡುತ್ತಿರಲಿಲ್ಲ. ಯಾಕೆಂದರೆ ಅಂಥದೇ ಒಂದು ಶನಿವಾರ ನೀನೂ ಆ ಬೆಂಚಿನ ಮೇಲೆ ಕೂತಿದ್ದೆ. ನನಗಾಗ ಹನ್ನೆರಡು. "ಅವಳೇ ಒಪ್ಕೊಂಡಿದ್ದಾಳಲ್ಲ, ಇನ್ನೇನು ಬೇಕು?" ಎಂದು ಅತ್ತೆ ಅಂದದ್ದು, ಮಾವ ನನ್ನ ಬಟ್ಟೆ ಪುಸ್ತಕಗಳನ್ನು ಟ್ರಂಕಿಗೆ ತುಂಬಿ ತಮ್ಮ ಮನೆಗೆ ಕರೆದೊಯ್ದದ್ದು, ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸದಿಂದ ನಿನ್ನನ್ನು ಬಿಡಿಸಿದ್ದು, ನೀನು ಊರು ಬಿಟ್ಟದ್ದು, ಎಲ್ಲ ಒಂದೇ ತಿಂಗಳಲ್ಲಿ ಆಗಿಹೋಯಿತು. ನಾನು ಅತ್ತೆಯ ಮಾತನ್ನೇ ನಂಬಿದೆ. ಆಮೇಲೆ ನೀನು ಬರೆದ ಅಷ್ಟೂ ಪತ್ರಗಳಿಗೆ "ಕ್ಷೇಮ" ಎಂದು ಎರಡು ಸಾಲು ಗೀಚಿ ಕೈ ತೊಳೆದುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಜುಲೈನಲ್ಲಿ ಒಬ್ಬಳು ಬಂದಳು. ನಲವತ್ತು ದಾಟಿದ್ದಾಳೆ, ಸಣ್ಣ ಆಳು. ಹೊಲಿಗೆಯಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಗುಂಡಿ ಹಾಕುವ ಕೆಲಸ. ಅಂಗಡಿ ಮುಚ್ಚಿದ ಮೇಲೆ, ಮನೆಯಲ್ಲಿ ಹೊಲಿಯಲು ಅಂಗಿಗಳ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳಂತೆ. ಬಸ್ಸಿಗೆ ಮೊದಲು ಪೊಲೀಸ್ ಜೀಪು ಬಂತು. ಕಟಕಟೆಯಲ್ಲಿ ಅವಳ ಮೇಲಿನ ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀಯಾ ಎಂದು ಕೇಳಿದರು.

"ಇಲ್ಲ, ನಾನು ಒಪ್ಪಲ್ಲ" ಎಂದಳು.

ಇಡೀ ಕೋರ್ಟೇ ತಲೆ ಎತ್ತಿತು. ಶನಿವಾರದ ದಿನ ಯಾರೂ ಹಾಗೆ ಹೇಳುವುದಿಲ್ಲ. ಒಪ್ಪದಿದ್ದರೆ ಸಾಕ್ಷಿ, ವಿಚಾರಣೆ, ವಾಯಿದೆ ಎಂದು ತಿಂಗಳುಗಟ್ಟಲೆ ಅಲೆದಾಟ. ಪೇದೆ ಪಕ್ಕಕ್ಕೆ ಕರೆದು, ಹತ್ತು ನಿಮಿಷದಲ್ಲಿ ಮುಗಿಯೋ ಕೆಲಸಕ್ಕೆ ಯಾಕಮ್ಮ ಹಟ ಎಂದು ಬುದ್ಧಿ ಹೇಳಿದ. "ನೀವು ಎಷ್ಟು ಸಲ ಕರೆದ್ರೂ ಬರ್ತೀನಿ. ಮಾಡ್ದೇ ಇರೋದನ್ನ ಮಾಡಿದೆ ಅನ್ನಕ್ಕೆ ನಂಗೆ ಬಾಯಿ ಬರಲ್ಲ" ಎಂದಳು. ಅವತ್ತಿನಿಂದ ಆಫೀಸಿನಲ್ಲಿ ಅವಳ ಹೆಸರು ಒಪ್ಪಲ್ಲಮ್ಮ ಎಂದೇ ಆಯಿತು.

ಎಂಟು ತಿಂಗಳಲ್ಲಿ ಹನ್ನೊಂದು ವಾಯಿದೆ. ಒಂದು ಸಲ ಸಾಕ್ಷಿಗೆ ಜ್ವರ, ಒಂದು ಸಲ ಇನ್ಸ್‌ಪೆಕ್ಟರು ಬಂದೋಬಸ್ತಿಗೆ, ಒಂದು ಸಲ ಕರೆಂಟಿಲ್ಲ. ಪ್ರತಿ ಸಲವೂ ಅಂಗಿಗಳ ಚೀಲ ತಂದು, ಬೆಂಚಿನ ತುದಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ನಾಲ್ಕನೇ ವಾಯಿದೆಯ ಹೊತ್ತಿಗೆ ವಕೀಲರ ಕೋಟು, ಜವಾನನ ಕಾಲರ್ ಎಲ್ಲ ಅವಳ ಕೈಗೆ ಹೋಗತೊಡಗಿದವು. ಅವಳನ್ನು ಹಿಡಿದು ತಂದ ಪೇದೆಯೂ ಒಂದು ದಿನ ಮುಜುಗರಪಡುತ್ತಲೇ ಗುಂಡಿ ಕಿತ್ತ ಅಂಗಿಯ ತೋಳು ಚಾಚಿದ. ಅದಕ್ಕೂ ಇಲ್ಲ ಎನ್ನಲಿಲ್ಲ.

ಒಂದು ಶನಿವಾರ ಊಟದ ಬಿಡುವಿನಲ್ಲಿ ನಾನು ಅವಳ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬಳಿದ್ದಳು, ನಿಜವಾಗಿಯೂ ಆ ದಂಧೆಯಲ್ಲೇ ಇದ್ದು ತಲೆ ನರೆತವಳು, ತಿಂಗಳಿಗೊಮ್ಮೆ ಬಂದು ದಂಡ ಕಟ್ಟಿ ಹೋಗುವವಳು. "ನೀವೆಲ್ಲ ಯಾಕಕ್ಕಾ ಅಷ್ಟು ಬೇಗ ಒಪ್ಕೊಳ್ತೀರಾ?" ಎಂದು ಒಪ್ಪಲ್ಲಮ್ಮ ಕೇಳಿದಳು.

"ತಪ್ಪು ಮಾಡಿದ್ವಿ ಅಂತ ಒಪ್ಕೊಳ್ತೀವಾ? ಮನೆಗೆ ಹೋಗ್ಬೇಕಲ್ಲ, ಅದಕ್ಕೆ. ಮನೇಲಿ ಮಕ್ಕಳಿರ್ತವೆ."

ಅಷ್ಟೇ ಅಂದದ್ದು ಅಮ್ಮ. ಕೈಯಲ್ಲಿದ್ದ ನೀರಿನ ಲೋಟವನ್ನು ಅಲ್ಲೇ ಬೆಂಚಿನ ಮೇಲಿಟ್ಟೆ. ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಆ ದಿನದ ಪಟ್ಟಿಯಲ್ಲಿ ಒಂಬತ್ತು ಹೆಂಗಸರು, ಒಂಬತ್ತು ಸಲ "ತಪ್ಪೊಪ್ಪಿಕೊಂಡಿದ್ದಾರೆ" ಎಂದು ಟೈಪ್ ಮಾಡಿದೆ. ಅವತ್ತು ಮೊದಲ ಬಾರಿಗೆ ಒಬ್ಬೊಬ್ಬರ ಮುಖವನ್ನೂ ನೋಡಿದೆ.

ಆಮೇಲೆ ಕಾಗದಗಳನ್ನೂ ನೋಡತೊಡಗಿದೆ. ವಾಕ್ಯ ಒಂದೇ ಎಂಬುದು ಗೊತ್ತಿತ್ತು. ಸಾಕ್ಷಿಯೂ ಒಬ್ಬನೇ ಎಂಬುದು ಆಗ ಕಣ್ಣಿಗೆ ಬಿತ್ತು. ಬಸ್ ಸ್ಟಾಪಿನ ಪಕ್ಕ ಬೀಡಿ ಸಿಗರೇಟಿನ ಗೂಡಂಗಡಿ ಇಟ್ಟಿರುವವನು. ಒಂದೇ ಸಂಜೆ, ಒಂದೇ ಗಂಟೆಗೆ, ಊರಿನ ಎರಡು ತುದಿಗಳಲ್ಲಿ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ!

ನಮ್ಮಂಥವರು ಕೇಸಿನವರ ಜೊತೆ ಕೇಸಿನ ಮಾತಾಡುವ ಹಾಗಿಲ್ಲ. ಮಾತಾಡಿದರೆ ಕೆಲಸಕ್ಕೇ ಕುತ್ತು. ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ. ಒಪ್ಪಲ್ಲಮ್ಮನಿಗೆ ಸರ್ಕಾರದ ವತಿಯಿಂದ ಕೊಟ್ಟಿದ್ದ ವಕೀಲ ತೀರಾ ಹೊಸಬ. ಅವನ ಕರಿಕೋಟು ಅವನಿಗಿಂತ ಹಿರಿದು. ಒಂದು ದಿನ ನಕಲು ಅರ್ಜಿ ಕೊಡಲು ಬಂದಾಗ ತಲೆ ತಗ್ಗಿಸಿಕೊಂಡೇ ಹೇಳಿಬಿಟ್ಟೆ: "ನೀವು ಈ ಒಂದು ಕೇಸಿನ ನಕಲಷ್ಟೇ ಯಾಕೆ ತಗೊಳ್ತೀರಾ? ಹೋದ ವರ್ಷದ ಎಲ್ಲ ಚಿಲ್ಲರೆ ಕೇಸಿನ ಸಾಕ್ಷಿ ಪಟ್ಟಿಗೂ ಅರ್ಜಿ ಹಾಕಬಹುದು." ಅವನು ನನ್ನ ಮುಖ ನೋಡಿದ. ಮತ್ತೊಂದು ಅರ್ಜಿ ನಮೂನೆ ಕೇಳಿ ತೆಗೆದುಕೊಂಡ.

ಫೆಬ್ರವರಿಯ ಕೊನೆಗೆ ಗೂಡಂಗಡಿಯವನು ಸಾಕ್ಷಿಗೆ ಬಂದ. ಹುಡುಗ ವಕೀಲ ಪಾಟೀಸವಾಲು ಶುರುಮಾಡಿದ. ಇಂಥ ಕೇಸುಗಳಲ್ಲಿ ಎಷ್ಟು ಸಲ ಸಾಕ್ಷಿ ಹೇಳಿದ್ದೀರಿ ಎಂದು ಕೇಳಿದ್ದಕ್ಕೆ, ಒಂದೋ ಎರಡೋ ಇರಬೇಕು ಎಂದ. ವಕೀಲ ನಕಲುಗಳ ಕಟ್ಟನ್ನು ಮೇಜಿನ ಮೇಲಿಟ್ಟ. ಒಂದು ವರ್ಷದಲ್ಲಿ ನಲವತ್ತಮೂರು.

ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ಸರಿಮಾಡಿಕೊಂಡು, "ನಿಜ ಹೇಳಿ. ಈ ಹೆಂಗಸನ್ನ ಅವತ್ತು ನೋಡಿದ್ರಾ?" ಎಂದರು.

ಅವನು ಬೆವರು ಒರೆಸಿಕೊಂಡ. "ನನ್ನಂಗಡಿ ರೋಡಲ್ಲಿದೆ ಮೇಡಂ. ಇವತ್ತಿದ್ದದ್ದು ನಾಳೆ ಎತ್ತಿಸಬಹುದು. ಖಾಲಿ ಹಾಳೆ ತರ್ತಾರೆ, ಸಹಿ ಹಾಕ್ತೀನಿ. ಈಯಮ್ಮನ್ನ ನಾನು ಇವತ್ತೇ ನೋಡ್ತಿರೋದು."

ಆ ಮಾತನ್ನು ಟೈಪ್ ಮಾಡಿದವಳು ನಾನು. ಒಂದಕ್ಷರವೂ ತಪ್ಪಾಗಬಾರದೆಂದು ಎರಡು ಸಲ ಓದಿ ನೋಡಿದೆ.

ಅವತ್ತೇ ಸಾಯಂಕಾಲ ಶಿರಸ್ತೇದಾರರು ಕರೆಸಿದರು. ನಮ್ಮ ಆಫೀಸಿಗೆ ಅವರೇ ಯಜಮಾನರು, ನಿವೃತ್ತಿಗೆ ಒಂದು ವರ್ಷ ಇದೆ. ವಕೀಲರಿಗೆ ಆ ಪಟ್ಟಿಯ ದಾರಿ ತೋರಿಸಿದ್ದು ಯಾರಮ್ಮ ಎಂದರು. "ನಾನೇ ಸಾರ್" ಎಂದೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಆಮೇಲೆ, "ಯಾರು ಅರ್ಜಿ ಹಾಕಿದ್ರೂ ಕೊಡೋ ಕಾಗದವೇ ಅದು. ನಾನೇನೂ ಕೇಳ್ಲಿಲ್ಲ, ನೀನೇನೂ ಹೇಳ್ಲಿಲ್ಲ. ಹೋಗು, ಟೈಪಿಂಗ್ ಬಾಕಿ ಇದೆ" ಎಂದರು. ಹೊರಗೆ ಬಂದು ಗೋಡೆಗೊರಗಿ ನಿಂತೆ.

ಮೊನ್ನೆ ಮಂಗಳವಾರ ತೀರ್ಪು. ಬಸ್ಸಿಗೆ ಕಾಯುತ್ತಾ ನಿಲ್ಲುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ, ಆರೋಪಿ ನಿರ್ದೋಷಿ ಎಂದು ಮೇಡಂ ಓದಿದರು. ಇನ್ನು ಮುಂದೆ ತಮ್ಮ ಕೋರ್ಟಿನಲ್ಲಿ ಯಾವ ಹೆಂಗಸು ತಪ್ಪೊಪ್ಪಿಕೊಳ್ಳುವ ಮೊದಲೂ, ವಕೀಲರು ಬೇಕೇ ಎಂದು ಅವಳನ್ನೇ ಕೇಳಬೇಕು ಎಂದೂ, ಖಾಲಿ ಹಾಳೆಗಳ ಬಗ್ಗೆ ಪೊಲೀಸ್ ಮೇಲಧಿಕಾರಿಗಳು ತನಿಖೆ ಮಾಡಬೇಕು ಎಂದೂ ಬರೆಸಿದರು. ಒಪ್ಪಲ್ಲಮ್ಮ ಕೈ ಮುಗಿದು, "ಮುಗೀತಾ?" ಎಂದಳು. ಮುಗೀತಮ್ಮ, ಹೋಗಿ ಎಂದರು. "ಇನ್ನೆರಡು ಗುಂಡಿ ಇದೆ, ಹಾಕಿ ಹೋಗ್ತೀನಿ" ಎಂದು ಹೋಗಿ ಬೆಂಚಿನ ಮೇಲೆ ಕೂತಳು. ಸೂಜಿಗೆ ದಾರ ಪೋಣಿಸಲು ಮಾತ್ರ ಅವಳಿಗೆ ಆಗಲೇ ಇಲ್ಲ. ಕಣ್ಣೆಲ್ಲ ನೀರು. ನಾನೇ ಪೋಣಿಸಿಕೊಟ್ಟೆ.

ಬುಧವಾರ ಬೆಳಿಗ್ಗೆ ರೆಕಾರ್ಡ್ ರೂಮಿಗೆ ಹೋದೆ. ಹತ್ತೊಂಬತ್ತು ವರ್ಷದ ಹಿಂದಿನ ಕಡತ ಉಳಿದಿಲ್ಲ, ರಿಜಿಸ್ಟರ್ ಇದೆ. ಎರಡು ಗಂಟೆ ಹುಡುಕಿದ ಮೇಲೆ ನಿನ್ನ ಹೆಸರು ಸಿಕ್ಕಿತು. ಕೈಬರಹ ಬೇರೆ ಯಾರದೋ, ವಾಕ್ಯ ಅದೇ. ಪಕ್ಕದಲ್ಲಿ "ತಪ್ಪೊಪ್ಪಿಕೊಂಡಿದ್ದಾರೆ." ಸ್ಥಳ, ಅಂಚೆ ಕಚೇರಿ ಎದುರಿನ ಬಸ್ ಸ್ಟಾಪ್. ಸಮಯ, ಸಂಜೆ ಏಳೂ ನಲವತ್ತು.

ಅಮ್ಮ, ಇದನ್ನು ಹೇಳಲೆಂದೇ ನಾನು ಬುಧವಾರ ಫೋನ್ ಮಾಡಿದ್ದು. ಹೇಳಲಾಗಲಿಲ್ಲ.

ಅಂಚೆ ಕಚೇರಿ ಹಿಂದಿನ ಬೀದಿಯಲ್ಲಿ ನನಗೆ ಲೆಕ್ಕದ ಟ್ಯೂಷನ್. ಏಳಕ್ಕೆ ಬಿಡುತ್ತಿತ್ತು. ನೀನು ದಿನಾ ಆ ಬಸ್ ಸ್ಟಾಪಿನಲ್ಲಿ ನಿಂತಿದ್ದು ನನ್ನನ್ನು ಮನೆಗೆ ಕರೆದೊಯ್ಯುತ್ತಿದ್ದೆ. ಅವತ್ತು ನಾನು ಟ್ಯೂಷನ್ನಿಗೆ ಹೋಗಿರಲೇ ಇಲ್ಲ. ಗೆಳತಿಯ ಮನೆಗೆ ಹೊಸ ಟೀವಿ ಬಂದಿತ್ತು, ಅಲ್ಲಿ ಕೂತುಬಿಟ್ಟಿದ್ದೆ. ಇನ್ನೊಂದು ದಾರಿಯಲ್ಲಿ ಮನೆಗೆ ಬಂದೆ, ಬಾಗಿಲಿಗೆ ಬೀಗ. ನೀನು ಬಹಳ ಹೊತ್ತು ನಿಂತದ್ದು ನಿಜ. ಹೋಗಿ ಬರುವವರ ಮುಖವನ್ನೆಲ್ಲ ನೋಡಿದ್ದೂ ನಿಜವಿರಬೇಕು. ನೀನು ನನ್ನನ್ನು ಹುಡುಕುತ್ತಿದ್ದೆ.

ಮಗಳಿಗೆ ಕಾಯುತ್ತಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನನ್ನನ್ನೂ ಸ್ಟೇಷನ್ನಿಗೆ ಕರೆಸಿ ಕೇಳುತ್ತಾರೆ ಎಂದು ಬಾಯಿ ಕಟ್ಟಿಕೊಂಡೆಯಾ? ಮಾರನೇ ದಿನ ಮಧ್ಯಾಹ್ನ ಮನೆಗೆ ಬಂದವಳು "ಊಟ ಮಾಡಿದ್ಯಾ?" ಎಂದೆಯೇ ಹೊರತು, ಹಿಂದಿನ ಸಂಜೆ ನಾನು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ನನ್ನ ತಪ್ಪು ಹೊರಬೀಳಬಾರದೆಂದೇ ನಾನು ಅತ್ತೆಯ ಮಾತನ್ನು ಅಷ್ಟು ಗಟ್ಟಿಯಾಗಿ ನಂಬಿದೆನೇನೋ. ನೀನು ಕೆಟ್ಟವಳಾಗಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆನಲ್ಲ.

ಬರೆದು ಮುಗಿಸಿದೆ. ಎದೆಯ ಮೇಲಿಂದ ಒಂದು ಬೀಸುವ ಕಲ್ಲು ಇಳಿದ ಹಾಗಿದೆ. ನಿನಗೆ ಕೋಪ ಬಂದರೆ ಬರಲಿ, ಬೈಯಲೇಬೇಕು ನೀನು. ಆ ಹಳೆಯ ಒಂದು ಸಾಲನ್ನು ರದ್ದು ಮಾಡಿಸಲು ಮೇಲಿನ ಕೋರ್ಟಿಗೆ ಹೋಗಬಹುದು, ತಡವಾದರೂ ಪ್ರಯತ್ನ ಮಾಡೋಣ ಎಂದು ಹುಡುಗ ವಕೀಲ ಹೇಳಿದ್ದಾನೆ. ಮಾಡಿಸುವುದೋ ಬೇಡವೋ ಎಂಬುದು ನಿನಗೆ ಬಿಟ್ಟದ್ದು. ಬೇಡವೆಂದರೆ ನಾನು ಹಟ ಮಾಡುವುದಿಲ್ಲ. ನಾನಂತೂ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನೀನು ಸ್ಟಾಪಿಗೆ ಬಂದು ಕಾಯಬೇಡ. ಮನೆಯಲ್ಲೇ ಇರು, ನಾನೇ ಹುಡುಕಿಕೊಂಡು ಬರುತ್ತೇನೆ.

ಇಂತಿ ನಿನ್ನ
ಚೂಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ತಾಯಿಯ ಹೆಸರಿನ ಮುಂದೆ "ತೀರಿಕೊಂಡಿದ್ದಾರೆ" ಎಂದು ಬರೆದಿದ್ದೆ. ಎಂಟು ವರ್ಷದಿಂದ ನನ್ನ ಸೇವಾ ಪುಸ್ತಕದಲ್ಲಿ ಹಾಗೇ ಇದೆ. ನಿನ್ನೆ ಅದನ್ನು ತಿದ್ದಿಸಲು ಅರ್ಜಿ ಕೊಟ್ಟೆ. ಶಿರಸ್ತೇದಾರರು ಓದಿ, ನನ್ನನ್ನೊಮ್ಮೆ ನೋಡಿ, "ಬದುಕಿದ್ದಾರೆ ಅನ್ನೋದಕ್ಕೆ ಏನಾದ್ರೂ ಆಧಾರ ಬೇಕಲ್ಲಮ್ಮ" ಎಂದರು. "ಭಾನುವಾರ ಹೋಗಿ ಕರ್ಕೊಂಡೇ ಬರ್ತೀನಿ ಸಾರ್" ಎಂದೆ.