ಎದುರು ಬಿಸಿಲಿನ ಕಲ್ಲು

ಶಾರ್ ಹುದಗ್ ಬಾವಿ, ದಕ್ಷಿಣ ಗೋಬಿ
ಏಪ್ರಿಲ್ ೧೧, ೨೦೦೪

ಪ್ರೀತಿಯ ನ್ಯಮಾ ಅಕ್ಕನಿಗೆ,

ನಿನ್ನ ತಂಗಿ ದುಲ್ಮಾ ಬರೆಯುತ್ತಿದ್ದೇನೆ. ಮೊದಲು ನನ್ನ ಕೈಬರಹವನ್ನು ಕ್ಷಮಿಸು. ಅಕ್ಷರಗಳು ಗಾಳಿಗೆ ಚದುರಿದ ಕುರಿಗಳ ಹಾಗೆ ಒಂದೊಂದು ಒಂದೊಂದು ಕಡೆ ನಿಂತಿವೆ. ಕಾಗುಣಿತವೂ ತಪ್ಪಿರುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಕೈ ಇದು, ಹಾಲು ಕರೆದು ಕರೆದು ಪೆನ್ನು ಹಿಡಿಯುವುದನ್ನೇ ಮರೆತಿದೆ. ಓದಲಾಗದ ಕಡೆ ನೀನೇ ಊಹಿಸಿಕೋ. ಚಿಕ್ಕಂದಿನಲ್ಲಿ ನಾನು ಬಾಯಿ ಬಿಡದೆ ಇದ್ದಾಗಲೂ ನನಗೇನು ಬೇಕೆಂದು ತಿಳಿದುಕೊಳ್ಳುತ್ತಿದ್ದವಳು ನೀನು.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೂ ಕ್ಷಮಿಸು. ಹೊಸ ವರ್ಷದ ಹಬ್ಬಕ್ಕೆ ಬರೆಯಬೇಕೆಂದುಕೊಂಡೆ, ಏನು ಬರೆಯಬೇಕೋ ತಿಳಿಯಲಿಲ್ಲ. ನಿನ್ನ ಚಳಿಗಾಲ ಸುಖವಾಗಿ ಕಳೆಯಿತೇ? ಉಣ್ಣೆ ಗಿರಣಿಯಲ್ಲಿ ಈಗಲೂ ನಿಂತೇ ಕೆಲಸ ಮಾಡಬೇಕೇ? ಮೊಣಕಾಲು ನೋವು ಹೇಗಿದೆ? ನಮ್ಮಲ್ಲಿ ಹಿಮ ತಡವಾಗಿ ಕರಗಿತು. ಆಡುಗಳು ಬಡಕಲಾಗಿವೆ, ಆದರೂ ಬದುಕಿವೆ. ಕಂದು ಒಂಟೆ ಮರಿ ಹಾಕಿತು, ಮೊದಲು ಮರಿಯನ್ನು ಹತ್ತಿರ ಸೇರಿಸಲಿಲ್ಲ. ಅತ್ತೆ ಎರಡು ಹಗಲು ಅದರ ಕಿವಿಯ ಬಳಿ ಕುಳಿತು ಹಾಡಿ ಹಾಡಿ ಒಪ್ಪಿಸಿದರು.

ಇನ್ನು ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ನನ್ನ ಗಂಡ ಶಗ್ದರ್ ಮತ್ತೆ ಕಲ್ಲು ಆಯಲು ಹೊರಡುತ್ತಿದ್ದಾನೆ. ಅದೇ ಜಾಗಕ್ಕೆ. ಒಬ್ಬನೇ. ಅವನು ಹಿಂದಿರುಗುವುದಿಲ್ಲ ಎಂದು ನನಗೆ ಭಯವಾಗಿದೆ.

ವಸಂತದ ಮೊದಲ ದೊಡ್ಡ ಗಾಳಿ ಹೋದ ವಾರ ಶುರುವಾಯಿತು. ಗಾಳಿ ನಿಂತ ಕೂಡಲೇ ಇಲ್ಲಿಯವರೆಲ್ಲ ಮರುಭೂಮಿಗೆ ಹೊರಡುತ್ತಾರೆ. ಮರಳನ್ನು ಗಾಳಿ ಎತ್ತಿಕೊಂಡು ಹೋದ ಮೇಲೆ ಕೆಳಗಿನ ಕಲ್ಲುಗಳು ಮೈ ತೊಳೆದುಕೊಂಡಂತೆ ಮೇಲೆ ಬಂದಿರುತ್ತವೆ. ನೀನು ಇಲ್ಲಿದ್ದಾಗ ಯಾರೂ ಕಲ್ಲು ಆಯುತ್ತಿರಲಿಲ್ಲ. ಗಡಿಯಾಚೆಯಿಂದ ಕೊಳ್ಳುವವರು ಬರತೊಡಗಿದ ಮೇಲೆ ಉಂಗುರಕ್ಕೆ ಕೂರಿಸುವ ಕೆಂಪು ಅಗೇಟು ಕಲ್ಲು, ಮೊಟ್ಟೆಯ ಹಳದಿಯಂಥ ಅಗೇಟು, ಹೊಗೆ ಬಣ್ಣದ ಸ್ಫಟಿಕ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಅತ್ತೆಗೆ ಇದು ಇಷ್ಟವಿಲ್ಲ. ನೆಲ ಅಗೆದರೆ ನೆಲದ ಒಡೆಯನಿಗೆ ಸಿಟ್ಟು ಬರುತ್ತದೆ, ಮೇಲೆ ಬಿದ್ದಿದ್ದನ್ನು ಎತ್ತಿಕೊಂಡರೂ ಅವನು ನೋಡುತ್ತಿರುತ್ತಾನೆ ಎನ್ನುತ್ತಾರೆ.

ನಮ್ಮ ತಮ್ಮನ ಹೆಸರನ್ನು ಇಲ್ಲಿ ಬರೆಯಬಹುದೋ ಬಾರದೋ ನನಗೆ ಗೊತ್ತಿಲ್ಲ. ಹೋದವರ ಹೆಸರು ಎತ್ತಬಾರದು ಎನ್ನುತ್ತಾರೆ ಅತ್ತೆ. ಆದರೆ ಅವನು ಹೋದದ್ದನ್ನು ಯಾರೂ ಕಂಡಿಲ್ಲವಲ್ಲ. ಅದಕ್ಕೇ ಬರೆಯುತ್ತೇನೆ, ಎನೆಬಿಶ್. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ಉಳಿಯದಿದ್ದಾಗ ಅಮ್ಮ ‘ಇವನಲ್ಲ’ ಎಂಬ ಈ ಹೆಸರಿಟ್ಟಳು. ಸಾವು ಹುಡುಕಿಕೊಂಡು ಬಂದರೆ ತಾನು ಕೇಳಿದವನು ಇವನಲ್ಲ ಎಂದುಕೊಂಡು ಹೋಗಲಿ ಅಂತ. ನೀನೇ ಅವನಿಗೆ ನಡೆಯಲು ಕಲಿಸಿದ್ದು.

ಹೋದ ಶರತ್ಕಾಲದಲ್ಲಿ ಏನಾಯಿತು ಎಂಬುದನ್ನು ನಿನಗೆ ಯಾರೂ ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತದೆ. ಪೊಲೀಸರು ಬರೆದುಕೊಂಡು ಹೋದರು, ಸೈನಿಕರು ಹುಡುಕಿದರು, ನೀನು ಬಸ್ಸಿನಿಂದ ಇಳಿದವಳು ಅಳುತ್ತಲೇ ಇದ್ದೆ. ಆಗ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

ಅಗೇಟು ಹುಡುಕುವವರು ಸೂರ್ಯನಿಗೆ ಎದುರಾಗಿ ನಡೆಯಬೇಕು. ಬಿಸಿಲು ಓರೆಯಾಗಿ ಮುಂದಿನಿಂದ ಬಂದಾಗ ಒಳ್ಳೆಯ ಕಲ್ಲು ಒಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಬೆನ್ನಿಗೆ ಬಿಸಿಲು ಬಿದ್ದರೆ ಎಲ್ಲವೂ ಒಂದೇ ಬೂದು. ಅದಕ್ಕೇ ಮೋಟಾರ್ ಸೈಕಲ್ಲನ್ನು ಪಶ್ಚಿಮಕ್ಕೆ ನಿಲ್ಲಿಸಿ ಬೆಳಗ್ಗೆ ಪೂರ್ವದ ಕಡೆ ನಡೆಯುತ್ತಾರೆ, ಮಧ್ಯಾಹ್ನ ಎಲ್ಲಾದರೂ ಮಲಗುತ್ತಾರೆ, ಸಂಜೆ ಸೂರ್ಯನ ಕಡೆ ಮುಖ ಮಾಡಿ ಗಾಡಿಗೆ ಮರಳುತ್ತಾರೆ. ಹೋಗುವಾಗಲೂ ಬರುವಾಗಲೂ ಸೂರ್ಯನೇ ದಾರಿ. ಜೊತೆಗಾರರು ಒಟ್ಟಿಗೆ ನಡೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಕಣ್ಣು ನೆಲದ ಮೇಲೆಯೇ ಇರುತ್ತದೆ, ಪಕ್ಕದವನನ್ನು ನೋಡುವುದಿಲ್ಲ. ಒಂದು ಕಲ್ಲು ಇನ್ನೊಂದರ ಬಳಿಗೆ ಕರೆಯುತ್ತದೆ.

ಆ ದಿನ ಬೆಳಗ್ಗೆಯೆಲ್ಲ ಗಾಳಿ ಬೀಸಿ ಶಗ್ದರ್, ಎನೆಬಿಶ್ ಇಬ್ಬರೂ ಅಲ್ಲಿ ತಲುಪಿದಾಗ ಸೂರ್ಯ ಆಗಲೇ ಇಳಿಯುತ್ತಿದ್ದ. ಸುಮ್ಮನೆ ಮಲಗಿ ಬೆಳಗಿಗೆ ಕಾಯಬೇಕಿತ್ತು. ಆದರೆ ನೆಲ ತುಂಬ ಹೊಸ ಕಲ್ಲು ಉರಿಯುತ್ತಿತ್ತಂತೆ. ಇಬ್ಬರೂ ಗಾಡಿ ಬಿಟ್ಟು ಪಶ್ಚಿಮಕ್ಕೆ ನಡೆದರು, ಗಾಡಿಗೆ ಬೆನ್ನು ಹಾಕಿ. ಕಲ್ಲು ಆಯುವವರು ಯಾರೇ ಆಗಲಿ ಮಾಡುವ ತಪ್ಪು ಅದು, ಎಲ್ಲರೂ ಒಮ್ಮೆ ಮಾಡಿರುತ್ತಾರೆ. ಸೂರ್ಯ ಮುಳುಗಿದ ಮೇಲೆ ದಾರಿ ತೋರಿಸಲು ಯಾರೂ ಇರಲಿಲ್ಲ. ಮರಳು ಮತ್ತೆ ಎದ್ದಿತು. ಶಗ್ದರ್ ಹೇಗೋ ಗಾಡಿ ಸೇರಿದ. ಜೊತೆಗಿದ್ದ ಹಳೆಯ ಟೈರು ಸುಟ್ಟು ಹೊಗೆ ಎಬ್ಬಿಸಿದ, ಕೂಗಿದ, ಬೆಳಕು ಬಿಟ್ಟ ಮೇಲೆ ಹುಡುಕುತ್ತ ನಡೆದ, ನೀರು ಮುಗಿಯುವವರೆಗೂ ನಡೆದ. ಆಮೇಲೆ ಜನರನ್ನು ಕರೆತರಲು ಬಂದ. ಅವನ ತುಟಿ ಹೇಗೆ ಸೀಳಿತ್ತು ಎಂಬುದನ್ನು ನೀನೂ ನೋಡಿದೆ.

ನೀನು ನಮ್ಮ ಡೇರೆಯಲ್ಲಿ ಚಹಾ ಮುಟ್ಟದೆ ಹೊರಟುಹೋದೆ. ಅದಕ್ಕೆ ನಾನು ಏನೂ ಅನ್ನುವುದಿಲ್ಲ, ಅಕ್ಕ. ಆದರೆ ಆ ಬಟ್ಟಲು ಅವನ ಮುಂದೆಯೇ ಆರಿತು.

ಚಳಿಗಾಲವಿಡೀ ಅವನು ಮಾತಾಡಿದ್ದು ಕುರಿಗಳ ಬಗ್ಗೆ ಮಾತ್ರ. ಹಿಮ ಕರಗಿದ್ದೇ ಬದಲಾದ. ಹುರುಪಾದ. ಒಲೆಯ ಹೊಗೆಕೊಳವೆ ಸರಿಮಾಡಿದ, ಡೇರೆಯ ಹಗ್ಗಗಳನ್ನೆಲ್ಲ ಹೊಸದಾಗಿ ಹೆಣೆದ, ಬಾವಿಯ ಕಟ್ಟೆಗೆ ಗಾರೆ ಹಾಕಿದ, ಅತ್ತೆಗೆ ಎರಡು ವರ್ಷಕ್ಕೆ ಆಗುವಷ್ಟು ಸಗಣಿ ಬೆರಣಿ ಒಟ್ಟಿದ. ಅತ್ತೆಗೆ ಸಂತೋಷ. ಮಗ ಮತ್ತೆ ಮನುಷ್ಯನಾದ ಎಂದು ಬಂದವರಿಗೆಲ್ಲ ಹೇಳಿಕೊಂಡರು. ನಾನು ಮಾತ್ರ ಅವನು ಒಂದೊಂದು ಕೆಲಸ ಮುಗಿಸಿದಾಗಲೂ ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದೆ.

ಮೊನ್ನೆ ಚೋಯ್ದೋಗ್ ತಾತ ಬಂದರು. ನಮ್ಮ ಪಕ್ಕದ ಬಾವಿಯವರು, ಹಳೆಯ ರಷ್ಯನ್ ಜೀಪು ಓಡಿಸುತ್ತಾರಲ್ಲ, ಅವರು. ಶಗ್ದರ್ ಅವರ ಜೀಪಿನಲ್ಲೇ ಹೋಗುವುದೆಂದು ಮಾತಾಗಿತ್ತು. ತಾತ ಒಳಗೆ ಬರಲಿಲ್ಲ, ಆಡಿನ ದೊಡ್ಡಿಯ ಬಳಿ ನನ್ನನ್ನು ಕರೆದರು. ಮೊದಲು ಎಂದಿನಂತೆ ತಮಾಷೆ. ಇಷ್ಟು ಮೆಲ್ಲಗೆ ಮಾತಾಡುವ ನಿನ್ನ ಮಾತು ಆಡುಗಳಿಗಾದರೂ ಕೇಳಿಸುತ್ತದೆಯೇ ಎಂದರು. ಆಮೇಲೆ ಎದೆಯೊಳಗಿನಿಂದ ರೇಷ್ಮೆ ಚೀಲ ತೆಗೆದರು. ಅದರಲ್ಲಿ ಶಗ್ದರನ ನಶ್ಯದ ಕುಪ್ಪಿ ಇತ್ತು, ಅವನ ಅಪ್ಪನದು.

“ನಿನ್ ಗಂಡ ನಂಗೆ ಇಟ್ಕೊಳ್ಳಿ ಅಂತ ಕೊಟ್ಟ,” ಎಂದರು. “ಜೀಪೂ ಬೇಡ್ವಂತೆ. ನೋಡಮ್ಮ, ಗಂಡಸು ಹೆಂಡ್ತೀನ ಬೇಕಾದ್ರೆ ಮರೀತಾನೆ, ನಶ್ಯದ ಕುಪ್ಪೀನ ಯಾರ್ಗೂ ಕೊಡಲ್ಲ. ಕೊಡೋದು ಒಂದೇ ಸಲ.”

ಒಂದೇ ಸಲ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ.

ಶಗ್ದರ್ ಮೋಟಾರ್ ಸೈಕಲ್ಲಿನ ಹತ್ತಿರ ಸಾಮಾನು ಜೋಡಿಸುತ್ತಿದ್ದ. ಒಣಮಾಂಸ, ಒಣಗಿಸಿದ ಮೊಸರಿನ ಗಟ್ಟಿ, ಖಾಲಿ ಚೀಲಗಳು, ಮಂಡಿಗೆ ಕಟ್ಟುವ ಚರ್ಮದ ತುಂಡು, ನೀರಿನ ಡ್ರಮ್ಮು. ಡ್ರಮ್ಮು ಒಂದೇ. ನನಗೆ ಜನರ ಮುಂದೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಗಂಡನ ಮುಂದೆಯೂ ದೊಡ್ಡ ಮಾತು ಆಡಿದವಳಲ್ಲ. ಆದರೂ ಕೇಳಿದೆ.

“ನೀರು ಇಷ್ಟೇನಾ?”

“ಒಬ್ಬನಿಗೆ ಸಾಕು.”

“ಹೋಗೋಕೆ ಸಾಕು. ಬರೋಕೆ?”

ಅವನು ಹಗ್ಗದ ಗಂಟು ಹಾಕುತ್ತಲೇ ಇದ್ದ. “ಗಾಳಿ ಮರಳು ತೆಗ್ದಿರತ್ತೆ, ದುಲ್ಮಾ. ಈಗ ಕಾಣಿಸ್ತಾನೆ. ಅವ್ನು ಸಿಕ್ಕಿದ್ಮೇಲೆ ಬರ್ತೀನಿ.”

“ಸಿಗ್ದಿದ್ರೆ?”

ಅವನು ಡ್ರಮ್ಮಿನ ಮುಚ್ಚಳ ಬಿಗಿದ. ಹಾಲು ಕಾಯಿಸಬೇಕಲ್ಲ ಎಂದು ನಾನು ಒಳಗೆ ಬಂದೆ.

ಆಮೇಲೆ ಯೋಚಿಸಿದೆ. ತಡೆದರೆ ನಿಲ್ಲುವವನಲ್ಲ. ಅತ್ತೆಗೆ ಹೇಳಿದರೆ ಅವರು ಅಳುತ್ತಾರೆ, ಅವನು ಇನ್ನೂ ಬೇಗ ಹೊರಡುತ್ತಾನೆ. ನೆರೆಯವರಿಗೆ ಹೇಳಿದರೆ ಅವನ ಮಾನ ಹೋಗುತ್ತದೆ. ಆದ್ದರಿಂದ ನಾನೂ ಹೋಗುವುದೆಂದು ತೀರ್ಮಾನಿಸಿದೆ. ತಾತನ ಹತ್ತಿರ ಇನ್ನೊಂದು ಡ್ರಮ್ಮು ಕೇಳಿ ತಂದು ಬಾವಿಯಿಂದ ತುಂಬಿಸಿದೆ. ಡೇರೆಯ ಕಂಬದಷ್ಟು ಉದ್ದದ ಕೋಲಿಗೆ ಕೆಂಪು ಬಟ್ಟೆ ಕಟ್ಟಿದೆ, ಗಾಡಿಯ ಪಕ್ಕ ನೆಡಲು. ತಾತನೂ ಜೀಪು ತೆಗೆದುಕೊಂಡು ಒಂದು ದಿನ ಬಿಟ್ಟು ಹೊರಟು ಆ ಜಾಗದ ಹತ್ತಿರವಿರುವ ಬಿಳಿ ಗುಡ್ಡದ ಬುಡಕ್ಕೆ ಬರುತ್ತಾರೆ. ಸ್ಫಟಿಕ ಆಯಲು ಬಂದವರಂತೆ ಬರುತ್ತಾರೆ. ಅವರ ಕಣ್ಣಿಗೆ ಈಗ ಸ್ಫಟಿಕವೂ ಒಂದೇ, ಆಡಿನ ಹಿಕ್ಕೆಯೂ ಒಂದೇ ಎಂದು ಅವರೇ ಹೇಳಿಕೊಂಡು ನಕ್ಕರು. ಮೋಟಾರ್ ಸೈಕಲ್ಲನ್ನು ಪಶ್ಚಿಮಕ್ಕೇ ನಿಲ್ಲಿಸಬೇಕು, ಬೆಳಗ್ಗೆಯೇ ಹೊರಡಬೇಕು, ಸಂಜೆ ಹೊಸ ಸಾಲು ಹಿಡಿಯಬಾರದು. ಇವೆಲ್ಲ ಅವನಿಗೆ ಗೊತ್ತಿಲ್ಲದ್ದಲ್ಲ, ಗೊತ್ತಿದ್ದವನನ್ನೇ ಕಾಯಬೇಕಾಗಿದೆ.

ಅಲ್ಲಿ ನಾನು ಬೇರೆ ಸಾಲು ಹಿಡಿಯುವುದಿಲ್ಲ. ಅವನ ಹಿಂದೆಯೇ ನಡೆಯುತ್ತೇನೆ. ಸೂರ್ಯ ಮುಂದಿದ್ದಾಗ ಅವನ ನೆರಳು ಹಿಂದಕ್ಕೆ, ನನ್ನ ಕಾಲ ಬಳಿಗೆ ಬೀಳುತ್ತದೆ. ನೆರಳಿನಲ್ಲಿ ಯಾವ ಕಲ್ಲೂ ಹೊಳೆಯುವುದಿಲ್ಲ. ನನಗೆ ಒಂದು ಅಗೇಟೂ ಸಿಗಲಾರದು. ಅವನು ಮಾತ್ರ ಕಾಣುತ್ತಿರುತ್ತಾನೆ. ನನಗೆ ಅಷ್ಟು ಸಾಕು.

ನಾನೂ ಬರುತ್ತೇನೆ ಎಂದು ನಿನ್ನೆ ಮಧ್ಯಾಹ್ನ ಹೇಳಿದೆ, ಊಟಕ್ಕೆ ಬಡಿಸುತ್ತ, ಉಪ್ಪು ಬೇಕೇ ಎನ್ನುವ ಹಾಗೆ. ಅವನು ತಲೆ ಎತ್ತಿ ನೋಡಿದ. ಅತ್ತೆ, ಹೆಂಗಸು ಕಲ್ಲಿಗೆ ಹೋದರೆ ಆಡುಗಳನ್ನು ಯಾರು ಕರೆಯಬೇಕು ಎಂದು ರೇಗಿದರು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಊಟ ಮುಗಿಸಿ ಎದ್ದುಹೋದ. ಅವನು ನನ್ನನ್ನು ಬಿಟ್ಟು ಮುಂಜಾನೆಯೇ ಹೊರಟುಬಿಟ್ಟರೆ? ಗಾಡಿಯ ಸದ್ದಾಯಿತೇ ಎಂದು ಕಿವಿ ಅಲ್ಲೇ ಇದೆ. ಇದನ್ನು ಬರೆಯುವಾಗಲೂ ಮೂರು ಸಲ ಎದ್ದು ಹೋಗಿ ನೋಡಿ ಬಂದೆ.

ಗಾಳಿ ಇವತ್ತು ಸಂಜೆಗೆ ಅಡಗುವ ಹಾಗಿದೆ. ನಾಳೆ ಹೊರಡುತ್ತೇವೆ. ಈ ಕಾಗದವನ್ನು ತಾತ ಹೊರಡುವ ಮೊದಲು ತಾಲ್ಲೂಕು ಕೇಂದ್ರದ ಊರಿನಲ್ಲಿ ಲಾರಿಯವರ ಕೈಗೆ ಕೊಡುತ್ತಾರೆ. ನಿನಗೆ ಮುಟ್ಟುವಷ್ಟರಲ್ಲಿ ನಾವು ಹಿಂದಿರುಗಿರಬಹುದು. ಎನೆಬಿಶ್ ಸಿಕ್ಕಿದರೆ ನಿನಗೆ ಹೇಳಿ ಕಳಿಸದೆ ಏನೂ ಮಾಡುವುದಿಲ್ಲ. ಸಿಕ್ಕರೂ ಸಿಗದಿದ್ದರೂ ಬೇಸಿಗೆಯಲ್ಲಿ ಒಮ್ಮೆ ಬಾ, ಅಕ್ಕ. ಶಗ್ದರನ ಜೊತೆ ಮಾತಾಡಬೇಕಾಗಿಲ್ಲ. ಅವನ ಎದುರಿಗೆ ಕುಳಿತು ಒಂದು ಬಟ್ಟಲು ಚಹಾ ಕುಡಿ. ಅವನು ಹಿಂದಿರುಗಲು ಏನಾದರೊಂದು ಬೇಕು. ನಾನೊಬ್ಬಳು ಸಾಲುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ.

ನಿನ್ನ ಮೊಣಕಾಲಿಗೆ ಒಂಟೆಯ ಉಣ್ಣೆ ಕಳಿಸಿದ್ದೇನೆ, ಒಳಗಡೆ ಸುತ್ತಿಕೋ. ದಾರಿ ನಿನಗೆ ಬಿಳಿಯಾಗಿರಲಿ, ಒಲೆ ಆರದಿರಲಿ, ಆಕಾಶ ನಿನ್ನನ್ನು ಕಾಯಲಿ.

ನಿನ್ನ ತಂಗಿ
ದುಲ್ಮಾ

ಮತ್ತೆ: ಇದನ್ನು ಬರೆಯಬಾರದೆಂದು ಶಗ್ದರ್ ನನ್ನಿಂದ ಮಾತು ತೆಗೆದುಕೊಂಡಿದ್ದ. ಹೊರಡುವ ಮೊದಲು ಬರೆಯದಿದ್ದರೆ ಇನ್ನು ಯಾವಾಗ? ನೀನು ಬಂದಿದ್ದ ದಿನ ಎಲ್ಲರ ಮುಂದೆ ಅವನ ಗಾಡಿಗೆ ಕಟ್ಟಿದ್ದ ಚೀಲ ತೋರಿಸಿ, “ಕಲ್ಲು ಹೊತ್ಕೊಂಡು ಬಂದ್ಯಲ್ಲ, ನನ್ ತಮ್ಮ ಭಾರ ಆದ್ನಾ ನಿಂಗೆ?” ಎಂದೆ. ಅಕ್ಕ, ಆ ಚೀಲ ಶಗ್ದರನದಲ್ಲ. ಅವನದನ್ನು ಅವನು ಆಗಲೇ ಎಲ್ಲೋ ಎಸೆದಿದ್ದ. ಚೀಲ ತುಂಬಿದರೆ ಅಲ್ಲೇ ಇಟ್ಟು ಮುಂದೆ ಆಯುತ್ತ ಹೋಗಿ, ಬರುವಾಗ ಎತ್ತಿಕೊಳ್ಳುವುದು ಇಲ್ಲಿಯ ರೂಢಿ. ಎನೆಬಿಶ್ ಹಾಗೆ ಇಟ್ಟು ಹೋಗಿದ್ದ ಚೀಲ ಅದು, ಬಾಯಿ ಕಟ್ಟಿ, ಗಾಳಿಗೆ ಉರುಳದ ಹಾಗೆ ಸುತ್ತ ಕಲ್ಲು ಒತ್ತಿ. ಶಗ್ದರನಿಗೆ ಸಿಕ್ಕಿದ್ದು ಅದೊಂದೇ. ನೀರಿಲ್ಲದೆ, ಅದನ್ನು ಹೊತ್ತುಕೊಂಡೇ ಗಾಡಿಯವರೆಗೆ ಬಂದ. ಅಕ್ಕನಿಗೆ ಹೇಳು ಎಂದು ನಾನು ಆಗಲೇ ಬೇಡಿಕೊಂಡೆ. ಅವನು ಒಪ್ಪಲಿಲ್ಲ. “ಅವ್ಳ ಕೈಯಲ್ಲಿ ಈಗ ಸಿಟ್ಟು ಒಂದೇ ಇರೋದು. ಅದನ್ನೂ ಕಿತ್ಕೊಂಡ್ರೆ ಅವ್ಳು ಏನನ್ನ ಹಿಡ್ಕೊಂಡು ನಿಲ್ತಾಳೆ?” ಎಂದ. ಚೀಲ ಇನ್ನೂ ಬಿಚ್ಚಿಲ್ಲ. ಬಿಚ್ಚುವವಳು ನೀನು.

ಕಾಗದ ಮಡಚುವ ಮೊದಲು ಇನ್ನೊಂದು, ಏಪ್ರಿಲ್ ೧೨. ಇವತ್ತು ಬೆಳಗ್ಗೆ ಆಡು ಕರೆಯಲು ಎದ್ದಾಗ ನನ್ನ ಹಳೆಯ ಬೂಟುಗಳು ಬಾಗಿಲ ಬಳಿ ಜೋಡಿಯಾಗಿ ನಿಂತಿದ್ದವು. ಕಿತ್ತುಹೋಗಿದ್ದ ಅಟ್ಟೆಗೆ ಶಗ್ದರ್ ಒಂಟೆ ನರದ ದಾರದಲ್ಲಿ ಹತ್ತಿರ ಹತ್ತಿರ ಹೊಲಿಗೆ ಹಾಕಿದ್ದ. ಹಾಕಿಕೊಂಡು ನೋಡಿದೆ. ಎಡಗಾಲಿನದು ತುಸು ಬಿಗಿ. ಸರಿಯಾಗಿದೆ ಎಂದು ಅವನಿಗೆ ಹೇಳಿದೆ.